ಅಪ್ಪನ ಭಂಡಾರ, ಮಗನ ಲೆಕ್ಕ

(ಲಚ್ಯಾಣದಲ್ಲಿ ಹುಣ್ಣಿಮೆಯ ಶರಣ ಗೋಷ್ಠಿಯಲ್ಲಿ ಮಾಡಿದ ಮಾತಿನ ಬರಹರೂಪ)

 

ಇವತ್ತು ನನಗೆ ಕೊಟ್ಟಿರುವ ವಿಷಯ, ವಯಸ್ಸಾದ ತಂದೆತಾಯಿಗಳ ಹಣಕಾಸನ್ನು ಮಕ್ಕಳು ಹೇಗೆ ನೋಡಿಕೊಳ್ಳಬೇಕು ಎಂಬುದು. ಅನುಭಾವದ ಗೋಷ್ಠಿಯಲ್ಲಿ ರೊಕ್ಕದ ಮಾತು ಯಾಕೆ ಎಂದು ಒಬ್ಬಿಬ್ಬರು ಬಾಗಿಲಲ್ಲೇ ಕೇಳಿದರು. ನಮ್ಮ ಧರ್ಮದ ಎರಡು ಕಂಬಗಳು ಕಾಯಕ ಮತ್ತು ದಾಸೋಹ. ಒಂದು ದುಡಿದು ಗಳಿಸುವುದು, ಇನ್ನೊಂದು ಗಳಿಸಿದ್ದನ್ನು ಹಂಚುವುದು. ಎರಡರ ನಡುವೆ ರೊಕ್ಕ ಇದ್ದೇ ಇದೆ. ಅದು ಯಾರ ಕೈಯಲ್ಲಿದೆ, ಯಾರ ಮಾತಿನಂತೆ ಖರ್ಚಾಗುತ್ತದೆ ಎಂಬುದೂ ಧರ್ಮದ ಪ್ರಶ್ನೆಯೇ.

ನಾನು ಪಂಡಿತನಲ್ಲ. ಬ್ಯಾಂಕೊಂದರಲ್ಲಿ 33 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಈ ಜಿಲ್ಲೆಯ ಐದಾರು ಶಾಖೆಗಳಲ್ಲಿ ಕೌಂಟರಿನ ಹಿಂದೆ ಕುಳಿತು ಎಷ್ಟೋ ಹಿರಿಯರ ಹೆಬ್ಬೆಟ್ಟಿನ ಗುರುತು ನೋಡಿದ್ದೇನೆ. ಆದರೆ ಇವತ್ತು ಹೇಳುವುದರಲ್ಲಿ ಮುಖ್ಯವಾದದ್ದು ಬ್ಯಾಂಕಿನಲ್ಲಿ ಕಲಿತದ್ದಲ್ಲ. ಇದೇ ಊರಿನ ನಮ್ಮ ಮನೆಯಲ್ಲಿ, ನಾನೇ ತಪ್ಪು ಮಾಡಿ ಕಲಿತದ್ದು. ನಮ್ಮ ಅಪ್ಪ ಅಗೋ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೀಗ 84 ವರ್ಷ. ಅವರ ಅಪ್ಪಣೆ ಕೇಳಿಯೇ ಮಾತಾಡುತ್ತಿದ್ದೇನೆ. ‘ಹೇಳು, ಆದ್ರ ಖರೇ ಹೇಳು’ ಅಂದಿದ್ದಾರೆ.

ಅಪ್ಪನದು ಒಕ್ಕಲುತನ. 1972ರ ಬರದಲ್ಲಿ ಬರಗಾಲದ ಕಾಮಗಾರಿಗೆ ಹೋಗಿ ಮಣ್ಣು ಹೊತ್ತು ನಮ್ಮನ್ನು ಸಾಕಿದವರು. ಆಮೇಲೆ ನಾಲ್ಕು ಎಕರೆಯಲ್ಲಿ ಲಿಂಬೆ ಹಚ್ಚಿದರು. ಇಂಡಿಯ ಲಿಂಬೆಗೆ 2023ರಲ್ಲಿ ಜಿಐ ಮಾನ್ಯತೆ ಬಂತು, ಪೇಪರಿನಲ್ಲಿ ಬಂತು. ಅದಕ್ಕೆ ಎಷ್ಟೋ ಮೊದಲೇ ಬೇಸಿಗೆಯಲ್ಲಿ ಕೊಡದಿಂದ ನೀರು ಹಾಕಿ ಆ ಗಿಡ ಉಳಿಸಿದವರು ನಮ್ಮ ಅಪ್ಪ ಅವ್ವ. ಶಾಲೆ ಕಲಿತದ್ದು ಕಡಿಮೆ. ಆದರೆ ಯಾವ ಸಂತೆಯಲ್ಲಿ ಯಾವ ವರ್ಷ ಎತ್ತು ಎಷ್ಟಕ್ಕೆ ಕೊಂಡೆ ಎಂಬುದು ಇವತ್ತಿಗೂ ಅವರ ನಾಲಿಗೆಯ ತುದಿಯಲ್ಲಿದೆ.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರಿಗೆ ಫೋನ್ ಬಂತು. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಎಟಿಎಂ ಕಾರ್ಡ್ ಬಂದ್ ಆಗ್ತದೆ, ಮೇಲಿನ ನಂಬರ್ ಹೇಳಿ, ಮೊಬೈಲಿಗೆ ಬಂದ ಒಟಿಪಿ ಹೇಳಿ’ ಅಂದರು. ಅಪ್ಪ ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಿ ಹೇಳಿದರು. ಲಿಂಬೆ ಮಾರಿದ 38,000 ರೂಪಾಯಿ ಹತ್ತು ನಿಮಿಷದಲ್ಲಿ ಹೋಯಿತು. ಅಪ್ಪ ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಅವ್ವ ನನಗೆ ಫೋನ್ ಮಾಡಿದಳು. ಮೊದಲ ತಾಸಿನಲ್ಲೇ 1930ಕ್ಕೆ ಫೋನ್ ಮಾಡಿದ್ದರೆ ಆ ಹಣವನ್ನು ದಾರಿಯಲ್ಲೇ ತಡೆಯಲು ಸಾಧ್ಯವಿತ್ತೇನೋ. ಆ ನಂಬರ್ ಇರುವುದೇ ಅದಕ್ಕೆ. ಅಪ್ಪ ಸುಮ್ಮನಿದ್ದದ್ದು ಮಗ ಬೈತಾನೆ ಎಂಬ ಅಂಜಿಕೆಗೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗನಿಗೆ ಹೇಳಲು ಅಪ್ಪ ಅಂಜಿದರು ಎಂದರೆ, ತಪ್ಪು ಫೋನ್ ಬರುವ ಮೊದಲೇ ನಮ್ಮ ಮನೆಯಲ್ಲಿತ್ತು.

ಮರುದಿನವೇ ವಿಜಯಪುರದಿಂದ ಬಂದೆ. ಬೈಯಲಿಲ್ಲ. ಬೈಯಲಿಲ್ಲ ಎಂದು ನನ್ನ ಮೇಲೆ ನನಗೇ ಅಭಿಮಾನವಾಯಿತು. ಪಾಸ್‌ಬುಕ್ ತೆಗೆದುಕೊಂಡೆ, ಕಾರ್ಡ್ ತೆಗೆದುಕೊಂಡೆ, ಖಾತೆಗೆ ಅಪ್ಪನ ಮೊಬೈಲ್ ನಂಬರ್ ತೆಗೆಸಿ ನನ್ನದು ಹಾಕಿಸಿದೆ. ‘ಅಪ್ಪಾ, ಇನ್ನ ನಿನಗ ಇದರ ಚಿಂತಿ ಬ್ಯಾಡ. ಎಲ್ಲಾ ನಾ ನೋಡಕೋತೀನಿ’ ಅಂದೆ. ಅಪ್ಪ ಏನೂ ಅನ್ನಲಿಲ್ಲ. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದುಕೊಂಡೆ.

ಒಂದೂವರೆ ವರ್ಷ ಎಲ್ಲ ಸರಿಯಾಗಿಯೇ ನಡೆಯಿತು ಅಂದುಕೊಂಡಿದ್ದೆ. ಔಷಧಿ ತರಿಸಿದೆ, ಕರೆಂಟ್ ಬಿಲ್ ಕಟ್ಟಿದೆ, ಗೊಬ್ಬರದ ಅಂಗಡಿಯ ಬಾಕಿ ತೀರಿಸಿದೆ. ಊರಿಗೆ ಬಂದಾಗಲೆಲ್ಲ ಅಪ್ಪನ ಕೈಗೆ ಇನ್ನೂರು ಮುನ್ನೂರು ಇಟ್ಟು ಹೋಗುತ್ತಿದ್ದೆ. ಒಮ್ಮೆ ಶ್ರಾವಣದಲ್ಲಿ ಅಪ್ಪ ಫೋನ್ ಮಾಡಿ ‘ತಮ್ಮಾ, ಐದನೂರು ರೂಪಾಯಿ ಬೇಕಾಗಿತ್ತು’ ಅಂದರು. ನಾನು ಆಫೀಸಿನ ಗಡಿಬಿಡಿಯಲ್ಲಿ ‘ಯಾಕ ಅಪ್ಪಾ? ಮೊನ್ನೆ ಕೊಟ್ಟಿದ್ನೆಲ್ಲ?’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ‘ಇರಲಿ ಬಿಡು’ ಅಂದು ಫೋನ್ ಇಟ್ಟರು.

ದೀಪಾವಳಿಗೆ ಬಂದಾಗ ಅವ್ವ ಹಿತ್ತಲಿನಲ್ಲಿ ನಿಲ್ಲಿಸಿ ಹೇಳಿದಳು: ‘ನಿಮ್ಮಪ್ಪ ಮಠಕ್ಕ ಹೋಗೂದು ಬಿಟ್ಟಾನ. ಅಮಾಸಿಗಿ ಹೋಗಿಲ್ಲ, ಹುಣ್ಣಿವಿಗಿ ಹೋಗಿಲ್ಲ. ದಾಸೋಹಕ್ಕ ಕೊಡಾಕ ಕೈಯಾಗ ಏನೂ ಇಲ್ಲ, ಬರೇ ಉಂಡ ಬರೂದು ಹ್ಯಾಂಗ ಅಂತಾನ.’

ಶರಣ ಬಂಧುಗಳೆ, ಆ ಮಾತು ಕೇಳಿ ನಾನು ಅಲ್ಲೇ ಕುಳಿತುಬಿಟ್ಟೆ. ಅರವತ್ತು ವರ್ಷ ದುಡಿದ ಮನುಷ್ಯ. ಈ ಊರಿನ ದಾಸೋಹಕ್ಕೆ ಪ್ರತಿ ವರ್ಷ ಜೋಳದ ಚೀಲ ಹೊತ್ತು ತಂದವರು. ಅವರ ಖಾತೆಯಲ್ಲಿ ಅವತ್ತು ಲಕ್ಷದ ಮೇಲೆ ಹಣ ಇತ್ತು. ಆದರೂ ಅವರು ಪಂಕ್ತಿಯಲ್ಲಿ ಕೂಡಲು ನಾಚಿಕೊಳ್ಳುವಂತೆ ನಾನು ಮಾಡಿದ್ದೆ. ಆ ಕಳ್ಳ ಅಪ್ಪನ 38,000 ಒಯ್ದ. ನಾನು ಅವರ ದಾಸೋಹವನ್ನೇ ಒಯ್ದಿದ್ದೆ.

ಇದು ಒಂದು ತಪ್ಪು. ಇನ್ನೊಂದು ಇದಕ್ಕಿಂತ ಸಣ್ಣದು, ಆದರೆ ಹೇಳಲು ಇನ್ನೂ ಕಷ್ಟದ್ದು.

ಅದೇ ಹಬ್ಬಕ್ಕೆ ಸಿಂದಗಿ ತಾಲ್ಲೂಕಿನಿಂದ ತಂಗಿಯೂ ಬಂದಿದ್ದಳು. ಊಟವಾದ ಮೇಲೆ ಮೆಲ್ಲಗೆ ಕೇಳಿದಳು: ‘ಅಣ್ಣಾ, ಅಪ್ಪನ ರೊಕ್ಕದ ಲೆಕ್ಕ ಬರದ ಇಟ್ಟಿ ಏನು?’ ನನಗೆ ಸಿಟ್ಟು ನೆತ್ತಿಗೇರಿತು. ‘ನನ್ನ ಮ್ಯಾಲ ಸಂಶೇ ಏನು? 33 ವರ್ಷ ಬ್ಯಾಂಕಿನ್ಯಾಗ ಒಂದು ಪೈಸೆ ಹೆಚ್ಚು ಕಡಿಮಿ ಮಾಡಿಲ್ಲ ನಾನು’ ಅಂದೆ. ಅವಳು ಅತ್ತಳು. ತಮ್ಮ ಎದ್ದು ಹೊಲಕ್ಕೆ ಹೋದ. ಅಪ್ಪ ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡರು.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಖಾತೆಯ ವಿವರ ತೆಗೆದು ಲೆಕ್ಕ ಹಾಕಿದೆ. ತೆಗೆದದ್ದು ಇಷ್ಟು, ಅಪ್ಪ ಅವ್ವನಿಗೆ ಖರ್ಚಾದದ್ದು ಇಷ್ಟು. 11,400 ರೂಪಾಯಿಗೆ ಬಾಯಿಲೆಕ್ಕವೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ನೆನಪು ಮಾಡಿಕೊಂಡರೆ, ಒಮ್ಮೆ ನನ್ನ ಮನೆಯ ಗ್ಯಾಸಿಗೆ ಕೊಟ್ಟಿದ್ದೆ. ಒಮ್ಮೆ ಮೊಮ್ಮಗಳ ಶಾಲೆಯ ಫೀಗೆ ‘ಆಮೇಲೆ ಹಾಕಿದರಾಯಿತು’ ಎಂದು ತೆಗೆದಿದ್ದೆ. ಹಾಕಿರಲಿಲ್ಲ. ಕಳ್ಳತನ ಎಂದುಕೊಂಡು ಯಾರೂ ಹೀಗೆ ಮಾಡುವುದಿಲ್ಲ. ಅಪ್ಪನದು ನಮ್ಮದೇ ಅಲ್ಲವೇ ಎಂದುಕೊಂಡೇ ಮಾಡುತ್ತೇವೆ. ಬ್ಯಾಂಕಿನಲ್ಲಿ ನಾನು ಒಂದು ಪೈಸೆ ತಪ್ಪಲಿಲ್ಲ ಎಂದರೆ ಅದು ನನ್ನ ದೊಡ್ಡತನವಲ್ಲ. ಅಲ್ಲಿ ಸಂಜೆಯಾದರೆ ಲೆಕ್ಕ ತಾಳೆ ನೋಡುತ್ತಿದ್ದರು. ಮನೆಯಲ್ಲಿ ತಾಳೆ ನೋಡುವವರು ಇರಲಿಲ್ಲ, ಕೇಳಿದವಳ ಮೇಲೆ ನಾನು ಸಿಟ್ಟಾಗಿದ್ದೆ.

ಇಲ್ಲಿ ನಾವು ಬಸವಣ್ಣನವರನ್ನು ನೆನೆಯಬೇಕು. ಇದೇ ಜಿಲ್ಲೆಯ ಬಾಗೇವಾಡಿಯ ನಮ್ಮ ಗುರು. ಮಂಗಳವೇಢೆಯಲ್ಲಿ ಗಣಕರ ಸಾಲಿನಲ್ಲಿ ಕುಳಿತು ಲೆಕ್ಕ ಬರೆದವರು, ಆಮೇಲೆ ಬಿಜ್ಜಳನ ಭಂಡಾರಿಯಾದವರು. ಭಂಡಾರದ ಹಣವನ್ನು ಜಂಗಮರಿಗೆ ಹಂಚುತ್ತಾನೆ ಎಂದು ಕೊಂಡೆಯ ಹೇಳಿದವರಿದ್ದರು. ಬಿಜ್ಜಳ ಬಂದು ಎಣಿಸಿ ನೋಡಿದಾಗ ಹಣ ಪೂರ್ತಿ ಇತ್ತು ಎಂದು ಪುರಾಣಗಳು ಹೇಳುತ್ತವೆ. ಪುರಾಣ ಅದನ್ನು ಪವಾಡವೆಂದಿತು. ನನ್ನಂಥ ಬ್ಯಾಂಕಿನವನಿಗೆ ಅದರಲ್ಲಿ ಪವಾಡ ಕಾಣುವುದಿಲ್ಲ. ತನ್ನ ಕಾಯಕದಿಂದ ಬಂದದ್ದನ್ನು ದಾಸೋಹಕ್ಕೆ ಕೊಟ್ಟು, ಪರರ ಭಂಡಾರದ ಒಂದು ಕಾಸನ್ನೂ ಮುಟ್ಟದೆ, ದಿನದ ಲೆಕ್ಕ ದಿನವೇ ಬರೆದಿಟ್ಟ ಮನುಷ್ಯ ಕಾಣುತ್ತಾರೆ. ಕೇಳಿದಾಗ ಅವರು ಸಿಟ್ಟಾಗಲಿಲ್ಲ, ಭಂಡಾರ ತೆರೆದು ತೋರಿಸಿದರು. ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಗಂಡ ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮದಲ್ಲ, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದು ಕಳಿಸಿದ ತಾಯಿ. ನನ್ನ ತಂಗಿ ಅವತ್ತು ಕೇಳಿದ್ದು ಲಕ್ಕಮ್ಮನವರ ಪ್ರಶ್ನೆಯೇ.

ತಂದೆತಾಯಿಯ ರೊಕ್ಕ ನೋಡಿಕೊಳ್ಳುವ ಮಗನಾಗಲಿ ಮಗಳಾಗಲಿ ಒಡೆಯರಲ್ಲ, ಭಂಡಾರಿ. ಕೀಲಿಕೈ ನಮ್ಮ ಹತ್ತಿರ ಇರಬಹುದು. ಭಂಡಾರ ಅವರದು, ಮಾತು ಅವರದು, ಲೆಕ್ಕ ಕೇಳುವ ಹಕ್ಕೂ ಅವರದು. ಇವತ್ತು ನಾನು ಹೇಳಲು ಬಂದ ಮಾತು ಇಷ್ಟೇ. ಉಳಿದದ್ದು ಇದನ್ನು ಮನೆಯಲ್ಲಿ ನಡೆಸುವ ದಾರಿ.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ತಪ್ಪು ಒಪ್ಪಿಕೊಂಡೆ. 11,400 ರೂಪಾಯಿ ತಿರುಗಿ ಹಾಕಿದೆ. ತಂಗಿಯ ಕ್ಷಮೆ ಕೇಳಿದೆ. ‘ಅಪ್ಪಾ, ಈಗ ಹ್ಯಾಂಗ ಮಾಡೂಣು?’ ಎಂದು ಕೇಳಿದೆ. ಆ ಪ್ರಶ್ನೆಯನ್ನು ಒಂದೂವರೆ ವರ್ಷದ ಹಿಂದೆ ಕೇಳಬೇಕಿತ್ತು. ಅಪ್ಪ ಒಂದೇ ಮಾತು ಹೇಳಿದರು: ‘ದೊಡ್ಡ ರೊಕ್ಕ ನೀ ಕಾಯಿ. ಸಣ್ಣ ರೊಕ್ಕ ನನ್ನ ಕೈಯಾಗ ಇರಲಿ.’ ಬ್ಯಾಂಕಿನಲ್ಲಿ ಇಷ್ಟು ವರ್ಷ ಇದ್ದ ನನಗೆ ಹೊಳೆಯದ ಉಪಾಯ ಅದು. ಹಾಗೆಯೇ ಮಾಡಿದೆವು. ದೊಡ್ಡ ಹಣವನ್ನು ಕಾರ್ಡ್ ಇಲ್ಲದ, ಮೊಬೈಲ್ ಪಾವತಿ ಇಲ್ಲದ ಖಾತೆಯಲ್ಲಿ, ಠೇವಣಿಯಲ್ಲಿ ಇಟ್ಟೆವು. ಇನ್ನೊಂದು ಖಾತೆ ಅಪ್ಪನ ಕೈಯಲ್ಲಿ, ಅಪ್ಪನ ಮೊಬೈಲ್ ನಂಬರಿನಲ್ಲಿ. ಅದಕ್ಕೆ ತಿಂಗಳಿಗೆ ಅವರೇ ಹೇಳಿದಷ್ಟು ಬೀಳುತ್ತದೆ. ಯಾರಿಗೆ ಕೊಟ್ಟಿರಿ, ಯಾಕೆ ಕೊಟ್ಟಿರಿ ಎಂದು ನಾವು ಕೇಳುವುದಿಲ್ಲ. ಮತ್ತೊಮ್ಮೆ ಮೋಸ ಹೋದರೂ ಹೋಗುವುದು ಸಣ್ಣದು. ಅವರ ಕೈ ಖಾಲಿಯಾಗುವುದಕ್ಕಿಂತ ಅದು ಮೇಲು.

ಆಮೇಲೆ ಒಂದು ಪಟ್ಟಿ ಮಾಡಿದೆವು. ಅಪ್ಪನ ಟ್ರಂಕಿನಲ್ಲಿ ಐದು ಪಾಸ್‌ಬುಕ್ ಸಿಕ್ಕವು. ಒಂದು ಬೆಳೆಸಾಲಕ್ಕೆ ತೆರೆದದ್ದು, ಒಂದು ಸಬ್ಸಿಡಿಗೆ, ಒಂದು ಯಾರೋ ಪರಿಚಯದವರು ಒತ್ತಾಯ ಮಾಡಿದರೆಂದು. ಎರಡು ಖಾತೆ ಅವರಿಗೇ ಮರೆತಿದ್ದವು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಅದು ಮುಳುಗುವುದಿಲ್ಲ, ಖಾತೆದಾರರು ಅಥವಾ ವಾರಸುದಾರರು ಬ್ಯಾಂಕಿಗೆ ಅರ್ಜಿ ಕೊಟ್ಟು ಪಡೆಯಬಹುದು. 2023ರಲ್ಲಿ ರಿಸರ್ವ್ ಬ್ಯಾಂಕ್ ‘ಉದ್ಗಮ್’ ಎಂಬ ಜಾಲತಾಣ ತೆರೆದಿದೆ. ಹೆಸರು ಹಾಕಿ ಹುಡುಕಬಹುದು. ನಿಮ್ಮ ಮನೆಯ ಓದುವ ಹುಡುಗರಿಗೆ ಇದೊಂದು ಕೆಲಸ ಹೇಳಿ.

ಪಟ್ಟಿಯಲ್ಲಿ ಠೇವಣಿ ಎಲ್ಲೆಲ್ಲಿದೆ ಎಂಬುದೂ ಬರಬೇಕು. ಈ ಮಾತು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಮ್ಮ ಕಡೆ ಊರಿಗೊಂದು ಪತ್ತಿನ ಸಂಘ ಇದೆ. ಎಷ್ಟೋ ಸಂಘಗಳು ಸತ್ಯಶುದ್ಧವಾಗಿ ನಡೆದಿವೆ, ಬಡವರ ಕೈ ಹಿಡಿದಿವೆ. ಆದರೆ ಬ್ಯಾಂಕು ಬೇರೆ, ಸಂಘ ಬೇರೆ. ಬ್ಯಾಂಕ್ ಮುಳುಗಿದರೆ, ಅದು ಸಹಕಾರಿ ಬ್ಯಾಂಕೇ ಆಗಿರಲಿ, ಒಬ್ಬ ಠೇವಣಿದಾರರಿಗೆ ಆ ಬ್ಯಾಂಕಿನಲ್ಲಿ ಇದ್ದ ಹಣದಲ್ಲಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿಯಲ್ಲಿ ಆ ಮಿತಿಯನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಪತ್ತಿನ ಸಂಘದ ಠೇವಣಿಗೆ ಈ ವಿಮೆ ಇಲ್ಲ. ನಮ್ಮವರದೇ ಸಂಘ, ಶರಣರ ಹೆಸರಿಟ್ಟಿದ್ದಾರೆ, ಒಂದೆರಡು ರೂಪಾಯಿ ಬಡ್ಡಿ ಹೆಚ್ಚು ಎಂದು ಹಿರಿಯರ ಜೀವಮಾನದ ಗಂಟನ್ನು ಒಂದೇ ಕಡೆ ಇಡಬೇಡಿ. ಹೆಸರು ನೋಡಿ ಇಡಬೇಡಿ, ಲೆಕ್ಕ ಕೇಳಿ ಇಡಿ. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. 2023ರಿಂದ ಅದರಲ್ಲಿ 30 ಲಕ್ಷದವರೆಗೆ ಇಡಬಹುದು.

ಹೆಬ್ಬೆಟ್ಟಿನ ವಿಷಯ. ಈಗ ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಊರಲ್ಲೇ ಸಣ್ಣ ಯಂತ್ರದಲ್ಲಿ ಖಾತೆಯ ಹಣ ತೆಗೆಯಬಹುದು. ಪಿಂಚಣಿ ಪಡೆಯುವ ಹಿರಿಯರಿಗೆ ಇಂಡಿಗೆ ಹೋಗಿ ಬರುವುದು ತಪ್ಪಿತು, ಒಳ್ಳೆಯದೇ. ಆದರೆ ‘ಮೊದಲನೇ ಸಲ ಬರಲಿಲ್ಲ ಅಜ್ಜಾ, ಇನ್ನೊಮ್ಮೆ ಒತ್ತು’ ಅಂದಾಗ ಎರಡು ಸಲ ಹಣ ಹೋಗಿರಬಹುದು. ಒತ್ತುವ ಮೊದಲು ಎಷ್ಟು ಎಂದು ಕೇಳಬೇಕು, ಒತ್ತಿದ ಮೇಲೆ ಚೀಟಿ ಕೇಳಬೇಕು. ಬೇಡವಾದಾಗ ಆಧಾರಿನ ಬೆರಳಚ್ಚನ್ನು ಬೀಗ ಹಾಕಿಡುವ ವ್ಯವಸ್ಥೆಯೂ ಇದೆ. ದುಡಿದು ಸವೆದ ಬೆರಳು ಯಂತ್ರಕ್ಕೆ ಗುರುತು ಸಿಗುವುದಿಲ್ಲ ಎಂದು ಹಿರಿಯರನ್ನು ಬರಿಗೈಲಿ ಕಳಿಸಿದ್ದನ್ನೂ ಕಂಡಿದ್ದೇನೆ. ಕಾಯಕ ಮಾಡಿದ್ದಕ್ಕೆ ಆದ ಸವೆತ ಅದು. ಅವರ ಜೊತೆ ಒಬ್ಬರು ಹೋಗಿ ನಿಲ್ಲಿ. 70 ದಾಟಿದವರಿಗೆ ಮನೆಯ ಬಾಗಿಲಿಗೇ ಬಂದು ಹಣ ಕೊಡುವ, ತೆಗೆದುಕೊಳ್ಳುವ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹಾಸಿಗೆ ಹಿಡಿದವರನ್ನು ಗಾಡಿಯಲ್ಲಿ ಹೊತ್ತು ತರುವ ಮೊದಲು ಶಾಖೆಗೆ ಹೋಗಿ ಆ ಸೇವೆ ಕೇಳಿ. ಇನ್ನು ‘ಡಿಜಿಟಲ್ ಅರೆಸ್ಟ್’ ಎಂದು ವಿಡಿಯೊದಲ್ಲಿ ಪೊಲೀಸ್ ವೇಷ ಹಾಕಿ ಹೆದರಿಸುವವರು ಬಂದಿದ್ದಾರೆ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಫೋನ್ ಇಡಿ, ಮಕ್ಕಳಿಗೆ ಹೇಳಿ, 1930ಕ್ಕೆ ಹೇಳಿ. ಮಕ್ಕಳಲ್ಲಿ ನನ್ನ ವಿನಂತಿ, ಹಿರಿಯರು ಹೇಳಲು ಬಂದಾಗ ಬೈಯಬೇಡಿ. ಒಮ್ಮೆ ಬೈದರೆ ಮುಂದಿನ ಸಲ ಅವರು ಹೇಳುವುದಿಲ್ಲ.

ಖಾತೆಗೆ ಯಾರ ಹೆಸರು ಸೇರಿಸಬೇಕು ಎಂದು ಬಹಳ ಜನ ಕೇಳುತ್ತಾರೆ. ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂದು ಜಂಟಿ ಖಾತೆ ಮಾಡಿದರೆ ಮಗ ಒಬ್ಬನೇ ಸಹಿ ಮಾಡಿ ಪೂರ್ತಿ ಹಣ ತೆಗೆಯಬಹುದು. ಅದು ಗೊತ್ತಿದ್ದು ಮಾಡಿ. ಬರೀ ಓಡಾಟಕ್ಕೆ ಒಬ್ಬರು ಬೇಕಾದರೆ, ಖಾತೆ ಹಿರಿಯರದೇ ಇದ್ದು ವ್ಯವಹಾರದ ಅಧಿಕಾರವನ್ನಷ್ಟೇ ಕೊಡುವ ಪತ್ರ ಬ್ಯಾಂಕಿನಲ್ಲಿ ಸಿಗುತ್ತದೆ. ನಾಮಿನಿ ಎಂದರೆ ವಾರಸುದಾರ ಅಲ್ಲ. ಬ್ಯಾಂಕಿನಿಂದ ಹಣ ಪಡೆದು ಹಕ್ಕುದಾರರಿಗೆ ಮುಟ್ಟಿಸುವವನು, ಅವನೂ ಭಂಡಾರಿಯೇ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಇಡಬಹುದು. ಹೆಣ್ಣುಮಕ್ಕಳ ಹೆಸರೂ ಬರೆಸಿ.

ಹೆಣ್ಣುಮಕ್ಕಳ ಮಾತು ಬಂದಿತು. ನಮ್ಮ ಪಟ್ಟಿಯಲ್ಲಿ ಅವ್ವನ ಹೆಸರಿನಲ್ಲಿ ಏನಿದೆ ಎಂದು ನೋಡಿದರೆ, ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಒಂದು ಖಾತೆ, ಅಷ್ಟೇ. ಅದರ ಪಾಸ್‌ಬುಕ್ಕೂ ನನ್ನ ಚೀಲದಲ್ಲಿತ್ತು! ಅಪ್ಪನ ಜೊತೆ ಅಷ್ಟೇ ವರ್ಷ ನೀರು ಹೊತ್ತವಳು. ಸ್ತ್ರೀ ಪುರುಷ ಭೇದವಿಲ್ಲ ಎಂದು ವೇದಿಕೆಯಲ್ಲಿ ಹೇಳುತ್ತೇವೆ, ಮನೆಗೆ ಹೋಗಿ ಮಂಚದ ಕೆಳಗಿನ ಟ್ರಂಕ್ ತೆರೆದು ನೋಡಿದರೆ ಯಾವ ಕಾಗದದಲ್ಲೂ ಅವ್ವನ ಹೆಸರಿಲ್ಲ. ಗಂಡ ತೀರಿದ ಮೇಲೆ ಯಾವ ಬ್ಯಾಂಕಿನಲ್ಲಿ ಏನಿದೆ ಎಂದು ತಿಳಿಯದೆ ಕೌಂಟರಿನ ಮುಂದೆ ನಿಂತ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ. ಠೇವಣಿಯಲ್ಲಿ ಅರ್ಧ ಅವ್ವನ ಹೆಸರಿಗೆ ಮಾಡಿದೆವು. ಅಪ್ಪನೇ ಹೇಳಿ ಮಾಡಿಸಿದರು. ಬಡ ಕುಟುಂಬದಲ್ಲಿ 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಅದು ಅವರ ಎಲೆ ಅಡಿಕೆಗೆ, ಅವರ ಮಗಳ ಉಡಿ ತುಂಬುವುದಕ್ಕೆ, ಅವರ ದಾಸೋಹಕ್ಕೆ. ಮನೆಯ ಕಿರಾಣಿಗೆ ಅಲ್ಲ.

ಹೊಲದ ವಿಷಯ ಇನ್ನೂ ದೊಡ್ಡದು. ‘ಅಪ್ಪಾ, ಉತಾರದಾಗ ನನ್ನ ಹೆಸರು ಹಚ್ಚಿಬಿಡು, ಸಾಲ ಸಿಗ್ತದ’ ಎಂದು ಮಗ ಕೇಳುತ್ತಾನೆ. ಅಪ್ಪ ದಾನಪತ್ರ ಬರೆದುಕೊಡುತ್ತಾನೆ. ಮುಂದಿನ ಸುಗ್ಗಿಯ ಹೊತ್ತಿಗೆ ಅದೇ ಅಪ್ಪನ ತಾಟಿಗೆ ರೊಟ್ಟಿ ತಡವಾಗಿ ಬರತೊಡಗುತ್ತದೆ. ಎಲ್ಲ ಮನೆಯಲ್ಲೂ ಹೀಗಿಲ್ಲ. ಆದರೆ ಇಲ್ಲವೇ ಇಲ್ಲ ಎಂದು ಎದೆ ಮುಟ್ಟಿ ಯಾರೂ ಹೇಳಲಾರೆವು. ಇದಕ್ಕಾಗಿ 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಬಂತು. ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನಮ್ಮ ರಾಜ್ಯದಲ್ಲಿ ಆ ಅರ್ಜಿಯನ್ನು ಕೇಳುವವರು ಉಪವಿಭಾಗಾಧಿಕಾರಿಗಳು, ನಮಗೆ ಇಂಡಿಯಲ್ಲೇ. ಅದೇ ಕಾಯ್ದೆಯ 23ನೇ ಕಲಮಿನಲ್ಲಿ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ತಿರುಗಿ ಪಡೆಯಬಹುದು. ಆದರೆ ಆ ಷರತ್ತು ಇತ್ತು ಎಂಬುದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಈ ಕಾಯ್ದೆಯನ್ನು ಹಿರಿಯರ ಹಿತಕ್ಕಾಗಿ ಉದಾರವಾಗಿ ಓದಬೇಕು ಎಂದು 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಹೇಳಿತು. ಆದ್ದರಿಂದ ಹಿರಿಯರೆ, ಕೊಡಲೇಬೇಕೆಂದರೆ ಷರತ್ತನ್ನು ಪತ್ರದಲ್ಲಿ ಬರೆಸಿ. ಅದಕ್ಕಿಂತ ಒಳ್ಳೆಯದು, ಇರುವ ತನಕ ನಿಮ್ಮ ಹೆಸರಿನಲ್ಲೇ ಇಟ್ಟುಕೊಂಡು ಮೃತ್ಯುಪತ್ರ ಬರೆದಿಡಿ. ನೆರವು ಬೇಕಾದರೆ 14567 ಹಿರಿಯರ ಸಹಾಯವಾಣಿ.

ಮೃತ್ಯುಪತ್ರ ಎಂದರೆ ಅಪಶಕುನ ಎನ್ನುವವರಿದ್ದಾರೆ. ಶಕುನ ಅಪಶಕುನವನ್ನು ಶರಣರು 12ನೆಯ ಶತಮಾನದಲ್ಲೇ ಬಿಡಿಸಿದರು. ನಮ್ಮ ಕಣ್ಣೆದುರಿಗೆ ಇನ್ನೊಂದು ಉದಾಹರಣೆ ಇದೆ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ಲಿಂಗೈಕ್ಯರಾದದ್ದು 2023ರ ಜನವರಿ 2ರಂದು. ತಮ್ಮ ದೇಹವನ್ನು ಏನು ಮಾಡಬೇಕು, ಸ್ಮಾರಕ ಕಟ್ಟಬಾರದು ಎಂಬುದನ್ನೆಲ್ಲ 2014ರಲ್ಲೇ ಬರೆದಿಟ್ಟಿದ್ದರು. ಅಂಗಿಗೆ ಜೇಬೇ ಇಲ್ಲದ ಆ ಸಂತರು ಬರೆದಿಟ್ಟು ಹೋದರು. ಲಕ್ಷಾಂತರ ಜನ ಸೇರಿದ ಆ ದಿನ ಏನು ಮಾಡಬೇಕೆಂಬ ಗೊಂದಲ ಇರಲಿಲ್ಲ. ಜೇಬೂ ಹೊಲವೂ ಮೂವರು ಮಕ್ಕಳೂ ಇರುವ ನಾವು ಬರೆಯದೆ ಹೋಗುತ್ತೇವೆ! ಮೃತ್ಯುಪತ್ರಕ್ಕೆ ಛಾಪಾ ಕಾಗದ ಬೇಕಾಗಿಲ್ಲ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವರನ್ನು ಬಿಟ್ಟು ಬೇರೆಯವರು ಸಾಕ್ಷಿ ಹಾಕಲಿ.

ಇದನ್ನೆಲ್ಲ ಬುದ್ಧಿ ಚುರುಕಾಗಿರುವಾಗಲೇ ಮಾಡಬೇಕು. ಮುಖತ್ಯಾರ ಪತ್ರ ಇದೆಯಲ್ಲ ಎಂದು ಸುಮ್ಮನಿರುವವರಿಗೆ ಒಂದು ಮಾತು. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಸಾಮಾನ್ಯ ಮುಖತ್ಯಾರ ಪತ್ರ ಕಾನೂನಿನಲ್ಲಿ ಅಲ್ಲಿಗೇ ಮುಗಿಯುತ್ತದೆ. ಮರೆವಿನ ಕಾಯಿಲೆ ಹೇಳಿ ಬರುವುದಿಲ್ಲ. ಆಮೇಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ.

ನನ್ನ ಮಾತು ಮುಗಿಯಿತು. ಈಗ ನಮ್ಮ ಮನೆಯಲ್ಲಿ ಒಂದು ನಲವತ್ತು ರೂಪಾಯಿಯ ನೋಟ್‌ಬುಕ್ ಇದೆ. ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ. ಪ್ರತಿ ಹುಣ್ಣಿಮೆಯ ದಿನ ಲಿಂಗಪೂಜೆ ಮುಗಿದ ಮೇಲೆ ಅಪ್ಪ ಅವ್ವನ ಮುಂದೆ ಕುಳಿತು ಗಟ್ಟಿಯಾಗಿ ಓದುತ್ತೇನೆ. ತಮ್ಮ ಪಕ್ಕದಲ್ಲಿರುತ್ತಾನೆ, ತಂಗಿ ಫೋನಿನಲ್ಲಿರುತ್ತಾಳೆ. ಮೊದಮೊದಲು ನನಗೆ ಅವಮಾನ ಅನ್ನಿಸುತ್ತಿತ್ತು. ಈಗ ಅದೂ ಒಂದು ಪೂಜೆಯ ಹಾಗೆ ನಡೆಯುತ್ತದೆ. ಇವತ್ತು ಬೆಳಿಗ್ಗೆಯೂ ಓದಿದೆ. ಎಲ್ಲ ಓದಿ ಮುಗಿಸಿದ ಮೇಲೆ ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು: ‘ತಮ್ಮಾ, ಬುಧವಾರ ಗುಳಿಗಿ ತರಿಸಿದಾಗ ಅಂಗಡಿಯಾವ ಅರವತ್ತು ರೂಪಾಯಿ ತಿರುಗಿ ಕೊಟ್ಟಾನ. ಅದು ಬರದಿಲ್ಲ.’ ನೋಡಿದೆ. ಬರೆದಿರಲಿಲ್ಲ. ಬರೆದೆ.

ಗೋಷ್ಠಿಗೆ ಹೊರಡುವಾಗ ಅಪ್ಪ ಆ ಅರವತ್ತು ರೂಪಾಯಿ ಇಸಿದುಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದಾರೆ. ದಾಸೋಹದ ಪೆಟ್ಟಿಗೆಗೆ ಹಾಕುತ್ತಾರೋ, ದಾರಿಯಲ್ಲಿ ಚಹಾ ಕುಡಿಯುತ್ತಾರೋ ನನಗೆ ಗೊತ್ತಿಲ್ಲ. ನಾನು ಕೇಳುವುದೂ ಇಲ್ಲ.